ನೋಯಿಸದೆ ಮಾತಾಡೋದನ್ನು ಊರಲ್ಲಿ ಕಲಿಸೋದು ಹೇಗೆ? ಕಾರ್ಯಾಗಾರ, ವಾರದ ಕೂಟ, ಸಂಘದ ಸಭೆ, ಶಾಲೆ: ಯಾವುದು ಯಾರಿಗೆ

ಕಲಬುರಗಿ, ಯಾದಗಿರಿ, ಬೀದರ್ ಕಡೆಯ ಓದುಗರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಜಾಗದಿಂದ ಕೇಳುತ್ತಿದ್ದಾರೆ. ಆಳಂದ ಕಡೆಯ ಶಿಕ್ಷಕಿಯೊಬ್ಬರಿಗೆ ಮಕ್ಕಳ ಬೈದಾಟ ನಿಲ್ಲಬೇಕು. ಚಿತ್ತಾಪುರದ ಹತ್ತಿರ ಸ್ವಸಹಾಯ ಸಂಘದ ಲೆಕ್ಕ ಬರೆಯುವವರೊಬ್ಬರಿಗೆ ಸಾಲದ ಕಂತಿನ ಮಾತು ಬಂದಾಗಲೆಲ್ಲ ಸಭೆ ಒಡೆಯುವುದು ಸಾಕಾಗಿದೆ. ಕಲಬುರಗಿಯ ಬಡಾವಣೆಯೊಂದರ ಕಾರ್ಯದರ್ಶಿಗೆ ನೀರು, ಗಟಾರ, ಪಾರ್ಕಿಂಗ್ ಮೂರರ ಜಗಳವೂ ಗಂಟುಬಿದ್ದಿದೆ. ಎಲ್ಲರೂ ಕೇಳೋದು ಇಷ್ಟೇ: ಅಹಿಂಸಾ ಸಂವಹನ ಅಂತ ಒಂದು ಪದ್ಧತಿ ಇದೆಯಂತೆ, ಅದನ್ನು ನಮ್ಮ ಜನಕ್ಕೆ ಕಲಿಸಬೇಕು. ಹೊರಗಿನಿಂದ ಯಾರನ್ನಾದರೂ ಕರೆಸೋದಾ, ಆನ್‌ಲೈನ್ ಕೋರ್ಸ್ ಮಾಡಿಸೋದಾ, ಇಲ್ಲಾ ನಾವೇ ಕೂತು ಶುರು ಮಾಡೋದಾ?

ಎಲ್ಲರಿಗೂ ಒಂದೇ ಉತ್ತರ ಕೊಡೋಕೆ ಆಗಲ್ಲ. ಆದರೆ ಯಾವುದನ್ನು ನೋಡಿ ಆರಿಸಬೇಕು ಅನ್ನೋದನ್ನು ಹೇಳಬಹುದು.

ಕಲಿಸುತ್ತಿರುವುದು ಏನನ್ನು?

ಈ ಪದ್ಧತಿಯನ್ನು ಕಟ್ಟಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಷಲ್ ರೋಸೆನ್‌ಬರ್ಗ್ (1934–2015). 1943ರಲ್ಲಿ ಡೆಟ್ರಾಯಿಟ್ ನಗರದಲ್ಲಿ ಕರಿಯರು, ಬಿಳಿಯರ ನಡುವೆ ದೊಡ್ಡ ಗಲಭೆ ನಡೆದಾಗ ಅವರು ಅಲ್ಲಿಯ ಪುಟ್ಟ ಹುಡುಗ. ಜನ ಒಬ್ಬರನ್ನೊಬ್ಬರು ಯಾಕೆ ನೋಯಿಸುತ್ತಾರೆ ಅನ್ನುವ ಪ್ರಶ್ನೆ ಅವರನ್ನು ಬಿಡಲಿಲ್ಲ. 1960ರ ದಶಕದಿಂದ ಶಾಲೆ ಮತ್ತು ಸಮುದಾಯಗಳಲ್ಲಿ ಕೆಲಸ ಮಾಡುತ್ತ ಈ ಕ್ರಮವನ್ನು ರೂಪಿಸಿದರು. ಗಾಂಧೀಜಿಯವರ ಅಹಿಂಸೆಯಿಂದ ಹೆಸರನ್ನು ತೆಗೆದುಕೊಂಡರು. 1984ರಲ್ಲಿ ಇದಕ್ಕಾಗಿ ಒಂದು ಅಂತರರಾಷ್ಟ್ರೀಯ ಸಂಸ್ಥೆಯನ್ನೂ ಆರಂಭಿಸಿದರು.

ಇದರಲ್ಲಿ ನಾಲ್ಕು ಹೆಜ್ಜೆ. ಕಂಡದ್ದನ್ನು ಕಂಡಷ್ಟೇ ಹೇಳುವುದು. ಅದರಿಂದ ಮನಸ್ಸಿಗೆ ಏನಾಯಿತು ಅಂತ ಹೇಳುವುದು. ನನಗೆ ಏನು ಮುಖ್ಯ, ಏನು ಬೇಕು ಅಂತ ಹೇಳುವುದು. ಕೊನೆಗೆ, ಎದುರಿನವರು ಈಗಲೇ ಮಾಡಬಹುದಾದ ಒಂದು ಕೆಲಸವನ್ನು ಕೇಳುವುದು.

ಗಟಾರದ ಜಗಳವನ್ನೇ ನೋಡಿ. ನಮ್ಮ ಓಣಿಗಳಲ್ಲಿ ಮಾತು ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ: "ಯಾವಾಗ ನೋಡಿದ್ರೂ ಹೊಲಸು ನೀರು ನಮ್ಮ ಮನಿ ಮುಂದ ಬಿಡ್ತೀರಿ, ನಿಮಗೇನು ಬುದ್ಧಿ ಅದನೋ ಇಲ್ಲೋ?" ಇದಕ್ಕೆ ಉತ್ತರವಾಗಿ ಬೈಗುಳವೇ ಬರುತ್ತದೆ. ಅದೇ ಮಾತನ್ನು ನಾಲ್ಕು ಹೆಜ್ಜೆಯಲ್ಲಿ ಹೇಳಿದರೆ: "ಅಕ್ಕೋರ, ಈ ವಾರ ಎರಡು ಸಲ ನಿಮ್ಮ ಬಚ್ಚಲ ನೀರು ನಮ್ಮ ಬಾಗಿಲ ಮುಂದ ನಿಂತಿತ್ತು. ಕೂಸು ಅಲ್ಲೇ ಆಡ್ತದ, ಜಡ್ಡು ಬರ್ತದೇನೋ ಅಂತ ನನಗ ಹೆದರಿಕಿ ಆಗ್ತದ. ಜಾಗ ಸ್ವಚ್ಛ ಇದ್ರ ನನಗ ಸಮಾಧಾನ. ಇವತ್ತ ಸಂಜಿಮುಂದ ಇಬ್ಬರೂ ಕೂಡಿ ಗಟಾರ ಎಲ್ಲಿ ಕಟ್ಟ್ಯಾದ ನೋಡೋಣೇನ್ರಿ?" ಸಿಟ್ಟನ್ನು ಇಲ್ಲಿ ನುಂಗಿಕೊಂಡಿಲ್ಲ. ವಿಷಯವನ್ನೂ ಬಿಟ್ಟುಕೊಟ್ಟಿಲ್ಲ. ಆದರೆ ಎದುರಿನವರಿಗೆ ಉತ್ತರ ಕೊಡೋಕೆ ಒಂದು ಜಾಗ ಸಿಕ್ಕಿತು.

ಇನ್ನರ್ಧ ಕೇಳಿಸಿಕೊಳ್ಳುವುದರಲ್ಲಿದೆ. ಎದುರಿನವರು ಬೈಯುತ್ತಿದ್ದರೂ ಅವರಿಗೆ ಏನಾಗಿದೆ, ಏನು ಬೇಕಾಗಿದೆ ಅಂತ ಊಹಿಸಿ ಕೇಳಬೇಕು. ನಾವು ಕೇಳಿದ್ದಕ್ಕೆ ಅವರು "ಆಗಲ್ಲ" ಅಂದರೂ ಮಾತು ಮುಂದುವರಿಯಬೇಕು. "ಆಗಲ್ಲ" ಅಂದ ಕೂಡಲೇ ನಮಗೆ ಸಿಟ್ಟು ಬಂದರೆ, ನಾವು ಮಾಡಿದ್ದು ಕೋರಿಕೆ ಅಲ್ಲ, ಹುಕುಂ.

ಇಷ್ಟನ್ನು ತಿಳಿಸೋಕೆ ಒಂದು ಗಂಟೆ ಸಾಕು. ಸಿಟ್ಟು ನೆತ್ತಿಗೇರಿದಾಗ ಇದು ಬಾಯಿಗೆ ಬರಬೇಕಾದರೆ ತಿಂಗಳುಗಟ್ಟಲೆ ರೂಢಿ ಬೇಕು. ಈಜು ಕಲಿತ ಹಾಗೆ, ನೀರಿಗೆ ಇಳಿಯದೆ ಆಗಲ್ಲ. ಯಾವ ದಾರಿ ಆರಿಸಬೇಕು ಅನ್ನುವುದರಲ್ಲಿ ನನ್ನ ತೂಕವೆಲ್ಲ ಈ ಒಂದು ವಿಷಯದ ಮೇಲೇ ಬೀಳುತ್ತದೆ.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು ರೂಢಿ. ಕಲಿಸುವವರು ಹೋದ ಮೇಲೂ ಜನ ವಾರಕ್ಕೊಮ್ಮೆಯಾದರೂ ಕೂತು ಅಭ್ಯಾಸ ಮಾಡುವ ವ್ಯವಸ್ಥೆ ಇದೆಯಾ?

ಎರಡನೆಯದು, ಯಾರ ಪಕ್ಕ ಯಾರು ಕೂರುತ್ತಾರೆ ಅನ್ನುವುದು. ಅತ್ತೆ ಎದುರಿಗೆ ಸೊಸೆ, ಹೆಡ್ ಮಾಸ್ತರ ಎದುರಿಗೆ ಶಿಕ್ಷಕಿ, ಹೊಲದ ಗೌಡರ ಎದುರಿಗೆ ಅವರದೇ ಹೊಲದಲ್ಲಿ ಕೂಲಿ ಮಾಡುವವರು ಕೂತರೆ "ನನಗೆ ಹೀಗನ್ನಿಸಿತು" ಅಂತ ಬಾಯಿ ಬಿಡೋದು ಯಾರು? ದೊಡ್ಡವರು ಮಾತ್ರ. ಸಣ್ಣವರು ತಲೆಯಾಡಿಸಿ ಮನೆಗೆ ಹೋಗುತ್ತಾರೆ. ಇದನ್ನು ಯೋಚಿಸದ ಕಾರ್ಯಕ್ರಮ ಎಷ್ಟು ಚೆಂದ ನಡೆದರೂ ಬಲ ಇದ್ದವರಿಗೇ ಇನ್ನಷ್ಟು ನಯವಾದ ಮಾತು ಕಲಿಸಿ ಮುಗಿಯುತ್ತದೆ.

ಮೂರನೆಯದು ಭಾಷೆ. ನಮ್ಮ ಕಡೆ ಒಂದೇ ಓಣಿಯಲ್ಲಿ ಕನ್ನಡ, ದಖ್ಖನಿ ಉರ್ದು, ಲಂಬಾಣಿ ಮೂರೂ ಕೇಳುತ್ತವೆ. ಬೀದರ್ ಕಡೆ ಮರಾಠಿ, ಯಾದಗಿರಿ ಗಡಿಯಲ್ಲಿ ತೆಲುಗು. ಮನಸ್ಸಿನ ನೋವನ್ನು ಜನ ಮನೆಮಾತಿನಲ್ಲೇ ಹೇಳುತ್ತಾರೆ. ಪುಸ್ತಕದ ಕನ್ನಡದಲ್ಲೂ ಹೇಳಲ್ಲ, ಇಂಗ್ಲಿಷ್‌ನಲ್ಲಂತೂ ಇಲ್ಲವೇ ಇಲ್ಲ.

ನಾಲ್ಕನೆಯದು ದುಡ್ಡು ಮತ್ತು ಕಾಲ. ಯಾರು ಕೊಡುತ್ತಾರೆ, ಯಾವ ತಿಂಗಳು ಜನ ಸಿಗುತ್ತಾರೆ.

ಹೊರಗಿನವರನ್ನು ಕರೆಸಿ ಎರಡು ದಿನದ ಕಾರ್ಯಾಗಾರ

ಹೆಚ್ಚಿನವರ ಮನಸ್ಸಿಗೆ ಮೊದಲು ಬರೋದು ಇದೇ. ಇದರ ಬಲವೂ ನಿಜವೇ. ಅನುಭವಿ ತರಬೇತುದಾರರು ಎದುರಿಗೇ ಒಂದು ಜಗಳವನ್ನು ಬಿಡಿಸಿ ತೋರಿಸಿದರೆ "ಹೀಗೂ ಮಾತಾಡಬಹುದಾ!" ಅನ್ನುವ ಬೆರಗು ಹುಟ್ಟುತ್ತದೆ. ಆ ಬೆರಗು ಪುಸ್ತಕದಿಂದಾಗಲಿ ವಿಡಿಯೋದಿಂದಾಗಲಿ ಹುಟ್ಟೋದು ಕಷ್ಟ. ಯಾರಾದರೂ ಅತ್ತರೆ, ಹಳೆಯ ಜಗಳ ಎದ್ದರೆ ನಿಭಾಯಿಸುವುದೂ ಅವರಿಗೆ ಗೊತ್ತು.

ಖರ್ಚೂ ಅಷ್ಟೇ ಇದೆ. ಹೈದರಾಬಾದ್ ಕಲಬುರಗಿಯಿಂದ ಸುಮಾರು 220 ಕಿಲೋಮೀಟರ್, ಬೆಂಗಳೂರಿನಿಂದಾದರೆ ಒಂದು ರಾತ್ರಿಯ ರೈಲು. ಸಂಭಾವನೆ, ಪ್ರಯಾಣ, ವಸತಿ, ಹಾಲ್, ಎರಡು ದಿನದ ಊಟ ಎಲ್ಲ ಸೇರಿಸಿ ನೋಡಿ. ಕೂಲಿ ಮಾಡುವವರು ಬರಬೇಕಾದರೆ ಅವರ ಎರಡು ದಿನದ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇದನ್ನು ಯಾರೂ ಹಿಡಿಯಲ್ಲ, ಅದಕ್ಕೇ ಅಂಥವರು ಬರುವುದೂ ಇಲ್ಲ. ತರಬೇತುದಾರರು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಹೇಳಿ, ಇನ್ನೊಬ್ಬರು ಕನ್ನಡಕ್ಕೆ ತಂದರೆ ಅರ್ಧ ಸಮಯ ಅದಕ್ಕೇ ಹೋಗುತ್ತದೆ.

ದೊಡ್ಡ ಕೊರತೆ ಮೂರನೇ ದಿನ ಗೊತ್ತಾಗುತ್ತದೆ. ಸರ್ಟಿಫಿಕೇಟ್ ಸಿಕ್ಕಿರುತ್ತದೆ, ಗ್ರೂಪ್ ಫೋಟೋ ಬಂದಿರುತ್ತದೆ, ಮುಂದಿನ ವಾರ ಕೂರಲು ಜಾಗ ಮಾತ್ರ ಇರಲ್ಲ. ಹಾಗಾಗಿ ಕಾರ್ಯಾಗಾರ ಒಂದನ್ನೇ ಮಾಡಿ ಬಿಡುವುದಾದರೆ ದುಡ್ಡು ಉಳಿಸಿಕೊಳ್ಳಿ ಅನ್ನುತ್ತೇನೆ. ಮಾಡಿಸುವುದೇ ಆದರೆ ಮೂರು ಷರತ್ತು ಹಾಕಿ. ಸ್ಥಳೀಯ ಮಾತು ಬಲ್ಲ ಒಬ್ಬರು ಜೊತೆಗೂಡಿ ನಡೆಸಬೇಕು. ಆರೇಳು ವಾರದ ನಂತರ ಅವರು ಇನ್ನೊಮ್ಮೆ ಬರಬೇಕು, ಇಲ್ಲವೇ ವಿಡಿಯೋ ಕರೆಯಲ್ಲಾದರೂ ಸಿಗಬೇಕು. ಇಪ್ಪತ್ತು ಊರಿನಿಂದ ಒಬ್ಬೊಬ್ಬರನ್ನು ಕರೆಯುವ ಬದಲು ನಾಲ್ಕೈದು ಊರಿನಿಂದ ನಾಲ್ಕು ನಾಲ್ಕು ಜನ ಬರಬೇಕು. ಒಬ್ಬರೇ ಕಲಿತು ಹೋದರೆ ಊರಲ್ಲಿ ಅವರ ಜೊತೆ ಆ ರೀತಿ ಮಾತಾಡುವವರೇ ಇರಲ್ಲ.

ಇನ್ನೊಂದು ಅನುಮಾನ ತುಂಬ ಜನಕ್ಕಿದೆ: ಸರ್ಟಿಫಿಕೇಟ್ ಇಲ್ಲದೆ ನಾವು ಕಲಿಸಬಹುದಾ? ರೋಸೆನ್‌ಬರ್ಗ್ ಅವರ ಸಂಸ್ಥೆಯ ಪ್ರಮಾಣಿತ ತರಬೇತುದಾರ ಅಂತ ಹೇಳಿಕೊಳ್ಳಬೇಕಾದರೆ ಅವರ ಪ್ರಕ್ರಿಯೆ ಮುಗಿಸಿರಬೇಕು. ಕಲಿತದ್ದನ್ನು ನೆರೆಹೊರೆಯವರ ಜೊತೆ ಹಂಚಿಕೊಳ್ಳಲು, ಕೂಟ ನಡೆಸಲು ಅದು ಬೇಕಿಲ್ಲ.

ಆನ್‌ಲೈನ್ ಕೋರ್ಸ್

ಒಂದಿಬ್ಬರು ಮುಂದಾಳುಗಳು ಆಳವಾಗಿ ಕಲಿಯಲು ಇದು ಚೆನ್ನಾಗಿದೆ. ಪ್ರಯಾಣ ಇಲ್ಲ, ಕೆಲಸ ಬಿಡಬೇಕಿಲ್ಲ. ರೋಸೆನ್‌ಬರ್ಗ್ ಅವರ ಹಳೆಯ ಕಾರ್ಯಾಗಾರಗಳ ವಿಡಿಯೋ, ಭಾವನೆ ಮತ್ತು ಅಗತ್ಯಗಳ ಪಟ್ಟಿಗಳು ಪುಕ್ಕಟೆ ಸಿಗುತ್ತವೆ. ಆದರೆ ಹೆಚ್ಚಿನದು ಇಂಗ್ಲಿಷ್‌ನಲ್ಲಿದೆ, ವಿದೇಶದ ಕೋರ್ಸ್‌ಗಳ ಶುಲ್ಕ ಡಾಲರ್‌ನಲ್ಲಿರುತ್ತದೆ. ಇಡೀ ಊರಿಗೆ ಇದನ್ನೇ ನಂಬಿ ಕೂರಬೇಡಿ. ಮನೆಯಲ್ಲಿ ಒಂದೇ ಫೋನ್ ಇದ್ದು, ಅದು ಗಂಡಸರ ಕಿಸೆಯಲ್ಲೇ ಇದ್ದರೆ ಹೆಣ್ಣುಮಕ್ಕಳು ಕಲಿಯೋದು ಯಾವಾಗ?

ಓಣಿಯ ವಾರದ ಕೂಟ

ಆರರಿಂದ ಹತ್ತು ಜನ. ವಾರದಲ್ಲಿ ಒಂದು ಸಂಜೆ, ಒಂದೂವರೆ ಗಂಟೆ. ಖರ್ಚು ಅಂದರೆ ಚಹಾ, ಒಂದಿಷ್ಟು ಡ್ರಾಯಿಂಗ್ ಶೀಟ್, ಸ್ಕೆಚ್ ಪೆನ್. ರೂಢಿಯ ಅಳತೆಯಲ್ಲಿ ಇದಕ್ಕೆ ಸಾಟಿ ಇಲ್ಲ. ಕಳೆದ ವಾರ ಕಲಿತದ್ದನ್ನು ಮನೆಯಲ್ಲಿ ಬಳಸಿ ನೋಡಿ, ಎಲ್ಲಿ ಎಡವಟ್ಟಾಯಿತು ಅಂತ ಈ ವಾರ ಬಂದು ಹೇಳಬಹುದು. ಕಲಿಕೆ ಗಟ್ಟಿಯಾಗುವುದು ಅಲ್ಲೇ.

ನಡೆಸುವ ಕ್ರಮ ಸರಳ. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರಿಗೂ ಎರಡು ನಿಮಿಷ, ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ಆಮೇಲೆ ಯಾರಾದರೂ ಒಬ್ಬರ ನಿಜವಾದ ಪ್ರಸಂಗ ತೆಗೆದುಕೊಂಡು ಇಬ್ಬರು ಆಡಿ ನೋಡುವುದು. ಮೊದಲ ತಿಂಗಳು ಸಣ್ಣ ಪ್ರಸಂಗಗಳೇ ಇರಲಿ: ಕಟ್ಟೆ ಮೇಲೆ ಕಸ ಇಟ್ಟದ್ದು, ಸಾಲ ತೆಗೆದುಕೊಂಡ ಐನೂರು ರೂಪಾಯಿ ವಾಪಸ್ ಕೊಡದಿದ್ದದ್ದು. ಆಸ್ತಿ ಪಾಲಿನ ಜಗಳವನ್ನು ಮೊದಲ ವಾರವೇ ಎಳೆದು ತರಬೇಡಿ. ಭಾವನೆಗಳ ಪಟ್ಟಿಯನ್ನು ಇಂಗ್ಲಿಷ್‌ನಿಂದ ಅನುವಾದಿಸಿ ಹಂಚುವುದಕ್ಕಿಂತ ಕೂಟದವರ ಬಾಯಿಂದಲೇ ಬರೆಸಿ. ಬ್ಯಾಸರ, ಕಳವಳ, ತಳಮಳ, ಸಂಕಟ, ಮುಜುಗರ, ಹಗುರ, ನಿರಾಳ ಅಂತ ಗೋಡೆ ತುಂಬುತ್ತದೆ. ದಖ್ಖನಿಯಲ್ಲಿ ಹೇಳುವವರು ಇದ್ದರೆ ಅದೂ ಪಕ್ಕದಲ್ಲೇ ಬರಲಿ.

ಜಾಗದ ಬಗ್ಗೆ ಸ್ವಲ್ಪ ಹಟ ಹಿಡಿಯಬೇಕು. ಗುಡಿಯ ಕಟ್ಟೆ, ಮಠದ ಸಭಾಂಗಣ ಸುಲಭವಾಗಿ ಸಿಗುತ್ತವೆ, ನಿಜ. ಆದರೆ ಅಲ್ಲಿಗೆ ಮುಸ್ಲಿಂ ಮನೆಯವರು ಬರಲು ಹಿಂಜರಿಯಬಹುದು. ಕೆಲವು ಊರಲ್ಲಿ ದಲಿತ ಕುಟುಂಬಗಳಿಗೆ ಅಲ್ಲಿ ಕಾಲಿಡುವುದೇ ಕಷ್ಟ. ಮನೆಯೊಂದರ ಪಡಸಾಲೆಗೂ ಇದೇ ಮಾತು. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರ, ಅಂಗನವಾಡಿ ಅಥವಾ ಶಾಲೆಯ ವರಾಂಡ ಎಲ್ಲರದೂ ಹೌದು. ಯಾರು ಬರಲಿಲ್ಲ ಅಂತ ನೋಡಿದರೆ ಜಾಗ ಸರಿಯಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಈ ದಾರಿಯ ಕಷ್ಟಗಳೂ ಸಣ್ಣವಲ್ಲ. ಬಲ್ಲವರು ಒಬ್ಬರೂ ಇಲ್ಲದಿದ್ದರೆ ಎರಡೇ ತಿಂಗಳಲ್ಲಿ ಕೂಟ ಬುದ್ಧಿವಾದದ ಸಭೆಯಾಗುತ್ತದೆ. "ನೀನು ಹಂಗ ಮಾಡಬೇಕಿತ್ತು, ಹಿಂಗ ಮಾಡಬೇಕಿತ್ತು" ಶುರುವಾದರೆ ನೋವು ಹೇಳಿಕೊಂಡವರು ಮುಂದಿನ ವಾರ ಬರಲ್ಲ. ಇಲ್ಲಿ ಹೇಳಿದ್ದು ಇಲ್ಲೇ ಇರಬೇಕು ಅನ್ನುವ ನಿಯಮ ಸಣ್ಣ ಓಣಿಯಲ್ಲಿ ಉಳಿಸಿಕೊಳ್ಳುವುದು ಬಲು ಕಷ್ಟ, ಅದಕ್ಕೇ ಅದನ್ನು ಪ್ರತಿ ವಾರ ಬಾಯಿ ಬಿಟ್ಟು ನೆನಪಿಸಬೇಕು. ಗಂಡಸರು ಬರುವುದು ಕಡಿಮೆ. ಬಂದರೆ ಮಾತು ಅವರದೇ ಆಗುತ್ತದೆ. ಮೊದಲ ಕೆಲವು ವಾರ ಹೆಂಗಸರದು ಬೇರೆ, ಗಂಡಸರದು ಬೇರೆ ಕೂಟ ಮಾಡಿ, ಆಮೇಲೆ ಒಪ್ಪಿದರೆ ಕೂಡಿಸುವುದು ಒಳ್ಳೆಯದು.

ಇರುವ ಸಂಘದ ಸಭೆಯಲ್ಲೇ ಸೇರಿಸುವುದು

ಹಳ್ಳಿಗಳಿಗೆ ನನ್ನ ಮೊದಲ ಆಯ್ಕೆ ಇದು. ಸ್ವಸಹಾಯ ಸಂಘಗಳ ಪಂಚಸೂತ್ರದಲ್ಲಿ ಮೊದಲನೆಯದೇ ತಪ್ಪದೆ ಸಭೆ ಸೇರುವುದು. ಹತ್ತರಿಂದ ಇಪ್ಪತ್ತು ಹೆಣ್ಣುಮಕ್ಕಳು, ಗೊತ್ತಾದ ದಿನ, ಗೊತ್ತಾದ ಜಾಗ. ಹೊಸದಾಗಿ ಜನ ಕೂಡಿಸುವ ಕಷ್ಟವೇ ಇಲ್ಲ. ಮನೆಯವರೂ "ಸಂಘಕ್ಕ ಹೋಗ್ಯಾಳ" ಅಂತ ಸುಮ್ಮನಿರುತ್ತಾರೆ. ಹೊಸ ಕೂಟಕ್ಕೆ ಹೊರಟರೆ ನೂರು ಪ್ರಶ್ನೆ. ಪಟ್ಟಣದಲ್ಲಾದರೆ ಅಕ್ಕನ ಬಳಗ, ಬಡಾವಣೆಯ ಮಹಿಳಾ ಮಂಡಳಿಗಳಲ್ಲೂ ಇದನ್ನೇ ಮಾಡಬಹುದು.

ಇಪ್ಪತ್ತು ನಿಮಿಷ ಸಾಕು, ಆದರೆ ಸಭೆಯ ಶುರುವಿನಲ್ಲೇ ಇರಲಿ. ಉಳಿತಾಯದ ದುಡ್ಡು ಕಟ್ಟಿ ಸಹಿ ಹಾಕಿದ ಮೇಲೆ ಯಾರೂ ಕೂರಲ್ಲ. ಅಭ್ಯಾಸಕ್ಕೆ ಬೇಕಾದ ಪ್ರಸಂಗ ಸಭೆಯಲ್ಲೇ ಇರುತ್ತದೆ: ಕಂತು ತಪ್ಪಿಸಿದವರ ಜೊತೆ ಮಾತಾಡುವುದು ಹೇಗೆ? "ಎಲ್ಲರ ಮಾನ ಕಳೀತಿ" ಅನ್ನುವುದಕ್ಕೂ, "ಎರಡು ಕಂತು ಬಂದಿಲ್ಲ, ಮುಂದಿನ ಸಾಲ ನಿಲ್ಲುತ್ತದೇನೋ ಅಂತ ನಮಗ ಚಿಂತಿ. ನಿಂಗೇನು ತ್ರಾಸ ಆಗ್ಯಾದ ಹೇಳವ್ವ, ಎಷ್ಟು ಕಟ್ಟಬಹುದು?" ಅನ್ನುವುದಕ್ಕೂ ಇರುವ ಅಂತರ ಆ ವಾರವೇ ಕಣ್ಣಿಗೆ ಕಾಣುತ್ತದೆ.

ಎಚ್ಚರ ಬೇಕಾದದ್ದು ಎರಡು ಕಡೆ. ಸಾಲ ವಸೂಲಿ ಮಾಡುವವರೇ ಇದನ್ನೂ ಕಲಿಸಿದರೆ ಜನಕ್ಕೆ ಇದು ವಸೂಲಿಯ ಹೊಸ ವರಸೆ ಅನ್ನಿಸುತ್ತದೆ. ಕಲಿಸುವವರು ಬೇರೆಯವರಿರಲಿ, ಆಶಾ ಕಾರ್ಯಕರ್ತೆ ಅಥವಾ ಗ್ರಂಥಪಾಲಕರು ಒಪ್ಪಿದರೆ ಒಳ್ಳೆಯದು. ಇನ್ನೊಂದು, ಸಂಘಗಳು ಹೆಚ್ಚಾಗಿ ಓಣಿಗೊಂದರಂತೆ ಇರುವುದರಿಂದ ಒಂದೇ ಜಾತಿಯವರೇ ಕೂತಿರುತ್ತಾರೆ. ಒಳಗಿನ ಜಗಳಕ್ಕೆ ಇದು ಚೆನ್ನಾಗಿ ಒದಗುತ್ತದೆ. ಎರಡು ಓಣಿಗಳ ನಡುವಿನ ಬಿರುಕಿಗೆ ಇದೊಂದೇ ಸಾಲದು. ಆಗ ಗ್ರಾಮ ಮಟ್ಟದ ಒಕ್ಕೂಟದ ಸಭೆಗೆ ತರಬೇಕಾಗುತ್ತದೆ.

ಶಾಲೆ

ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಕಲಂ ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಬೆತ್ತ ಕೆಳಗಿಟ್ಟ ಶಿಕ್ಷಕರಿಗೆ ಅದರ ಬದಲು ಏನು ಮಾಡಬೇಕು ಅಂತ ಹೇಳಿಕೊಟ್ಟವರು ಕಡಿಮೆ. ಹಾಗಾಗಿ ಶಾಲೆಯಲ್ಲಿ ಕಲಿಕೆ ಶಿಕ್ಷಕರಿಂದ ಶುರುವಾಗಬೇಕು. ಮಕ್ಕಳಿಗೆ "ನಯವಾಗಿ ಮಾತಾಡ್ರಿ" ಅಂತ ಪಾಠ ಮಾಡಿ, ಅದೇ ಗಂಟೆಯಲ್ಲಿ "ದಡ್ಡ, ಎಮ್ಮಿ" ಅಂದರೆ ಮಕ್ಕಳು ಕಲಿಯುವುದು ಎರಡನೆಯದನ್ನೇ.

ಮಕ್ಕಳ ಜೊತೆ ವಾರಕ್ಕೊಂದು ಸಲ ವೃತ್ತದಲ್ಲಿ ಕೂತು, ಒಂದು ಚೆಂಡು ಕೈಯಲ್ಲಿದ್ದವರು ಮಾತ್ರ ಮಾತಾಡುವ ಆಟ ಸಾಕು. ರೋಸೆನ್‌ಬರ್ಗ್ ಅವರು ಜಿರಾಫೆಯ ಗೊಂಬೆ ಹಿಡಿದು ನೋಯಿಸದ ಮಾತನ್ನೂ, ನರಿಯ ಗೊಂಬೆ ಹಿಡಿದು ನೋಯಿಸುವ ಮಾತನ್ನೂ ತೋರಿಸುತ್ತಿದ್ದರು. ಮಕ್ಕಳಿಗೆ ಖುಷಿಯೇನೋ ಆಗುತ್ತದೆ. ಆದರೆ "ಏ ನರಿ" ಅಂತ ಒಬ್ಬರಿಗೊಬ್ಬರು ಹೊಸ ಹೆಸರಿಡಲು ತಡವಾಗಲ್ಲ. ಗೊಂಬೆಯ ಬದಲು ಎರಡು ಟೋಪಿ ಇಟ್ಟು, ಟೋಪಿ ಬದಲಿಸಿ ಮಾತು ಬದಲಿಸುವ ಆಟ ನನಗೆ ಹೆಚ್ಚು ಹಿಡಿಸುತ್ತದೆ.

ಶಾಲೆಯ ದಾರಿಗೆ ದುಡ್ಡು ಬೇಕಿಲ್ಲ, ಹೆಡ್ ಮಾಸ್ತರ ಒಪ್ಪಿಗೆ ಬೇಕು. ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ತಂದೆತಾಯಿಗೂ ಒಂದು ಸುತ್ತು ಮಾಡಿಸಿ. ಇಲ್ಲದಿದ್ದರೆ ಮಗು ಮನೆಯಲ್ಲಿ "ನೀವು ಚೀರಿದಾಗ ನನಗ ಹೆದರಿಕಿ ಆಗ್ತದ" ಅಂದಾಗ "ಎದುರು ಮಾತಾಡ್ತಿ?" ಅಂತ ಏಟು ಬೀಳಬಹುದು. ಮಾತಾಡಲು ಕಲಿತ ಮಗು ದೊಡ್ಡ ನೋವನ್ನೂ ಹೇಳಿಬಿಡಬಹುದು. ಲೈಂಗಿಕ ದೌರ್ಜನ್ಯದ ವಿಷಯ ಬಂದರೆ ಪೋಕ್ಸೋ ಕಾಯ್ದೆಯಡಿ ತಿಳಿದವರು ವರದಿ ಮಾಡಲೇಬೇಕು. ಮಕ್ಕಳ ಸಹಾಯವಾಣಿ 1098. ಶುರು ಮಾಡುವ ಮೊದಲೇ ಎಲ್ಲ ಶಿಕ್ಷಕರಿಗೂ ಇದು ಗೊತ್ತಿರಬೇಕು.

ಬೀದಿ ನಾಟಕ

ದೊಡ್ಡ ಗುಂಪಿಗೆ, ಓದು ಬರಹ ಬಾರದವರಿಗೆ ಇದು ಒಳ್ಳೆಯ ಆರಂಭ. ಬ್ರೆಜಿಲ್‌ನ ರಂಗಕರ್ಮಿ ಆಗಸ್ಟೋ ಬೋವಾಲ್ ಅವರ 'ಫೋರಂ ಥಿಯೇಟರ್' ಕ್ರಮದಲ್ಲಿ ನೋಡುವವರೇ ಆಟ ನಿಲ್ಲಿಸಿ, ಪಾತ್ರಧಾರಿಯ ಜಾಗಕ್ಕೆ ಬಂದು "ನಾನಾದರೆ ಹೀಗೆ ಹೇಳುತ್ತಿದ್ದೆ" ಅಂತ ಆಡಿ ತೋರಿಸುತ್ತಾರೆ. ಬಯಲಾಟ ನೋಡಿ ಬೆಳೆದ ನಮ್ಮ ಜನಕ್ಕೆ ಇದು ಹತ್ತಿರ. ಆದರೆ ಒಂದು ಸಂಜೆಯ ನಾಟಕದಿಂದ ರೂಢಿ ಬರಲ್ಲ. ಆಟ ಮುಗಿದ ಕೂಡಲೇ ಕೂಟಕ್ಕೆ ಹೆಸರು ಬರೆಸಿಕೊಳ್ಳುವ ವ್ಯವಸ್ಥೆ ಇದ್ದರೆ ಮಾತ್ರ ಇದಕ್ಕೆ ಕೈ ಹಾಕಿ.

ಯಾವ ದಾರಿಗೂ ಒಂದು ಗಡಿ ಇದೆ

ಗಂಡ ಹೊಡೆಯುತ್ತಿದ್ದರೆ ಹೆಂಡತಿಗೆ ನಾಲ್ಕು ಹೆಜ್ಜೆ ಕಲಿಸಿ ಕಳಿಸಬೇಡಿ. ಹೊಡೆತಕ್ಕೆ ಕಾರಣ ಅವಳ ಮಾತಲ್ಲ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಉಚಿತ ಕಾನೂನು ನೆರವಿಗೆ 15100. ಈ ನಂಬರುಗಳು ಕೂಟದ ಗೋಡೆಯ ಮೇಲಿರಲಿ. ಜಾತಿ ಹೆಸರು ಹಿಡಿದು ಅವಮಾನ ಮಾಡಿದ್ದು, ಹೋಟೆಲಲ್ಲಿ ಬೇರೆ ಲೋಟ ಇಟ್ಟದ್ದು, ಕೂಲಿ ಕೊಡದೆ ಸತಾಯಿಸಿದ್ದು ಕೂಡ ಹೀಗೆಯೇ. "ಇಬ್ಬರೂ ಕೂತು ಮಾತಾಡ್ರಿ" ಅಂದರೆ ನೊಂದವರಿಗೆ ಮತ್ತೊಂದು ಅನ್ಯಾಯ. ಅಲ್ಲಿ ಕಾನೂನು ಮೊದಲು. ಕರೆಸುವ ತರಬೇತುದಾರರಿಗೆ ಈ ಪ್ರಶ್ನೆ ಕೇಳಿ ನೋಡಿ. ಉತ್ತರ ತಡವರಿಸಿದರೆ ಬೇರೆಯವರನ್ನು ಹುಡುಕಿ.

ನಿಮ್ಮ ಕೈಯಲ್ಲಿ ಏನಿದೆ, ಅದರ ಮೇಲೆ

ದುಡ್ಡು ಏನೂ ಇಲ್ಲ, ಹಳ್ಳಿ: ಸಂಘದ ಸಭೆಯ ಇಪ್ಪತ್ತು ನಿಮಿಷದಿಂದ ಶುರು ಮಾಡಿ. ನಡೆಸುವವರು ಮೊದಲು ವಿಡಿಯೋ ನೋಡಿ, ಇಬ್ಬರು ಗೆಳತಿಯರ ಜೊತೆ ಒಂದು ತಿಂಗಳು ತಾವೇ ಅಭ್ಯಾಸ ಮಾಡಿರಲಿ.

ಸ್ವಲ್ಪ ದುಡ್ಡಿದೆ: ಇಬ್ಬರನ್ನು ಒಳ್ಳೆಯ ತರಬೇತಿಗೆ ಕಳಿಸಿ. ಒಬ್ಬರು ಬೇಡ, ಇಬ್ಬರೇ ಬೇಕು, ಅದರಲ್ಲಿ ಒಬ್ಬರಾದರೂ ಹೆಣ್ಣುಮಗಳು. ಅವರು ಬಂದು ವಾರದ ಕೂಟ ನಡೆಸಲಿ.

ಕಂಪನಿ ಅಥವಾ ದಾನಿಗಳಿಂದ ದೊಡ್ಡ ಮೊತ್ತ ಬಂದಿದೆ: ಕಾರ್ಯಾಗಾರ ಮಾಡಿಸಿ, ಆದರೆ ಅರ್ಧ ದುಡ್ಡನ್ನು ನಂತರದ ಆರು ತಿಂಗಳ ಕೂಟಗಳಿಗೆ ಎತ್ತಿಡಿ. ನಡೆಸುವವರಿಗೆ ಗೌರವಧನ ಕೊಡಿ. ಹೆಣ್ಣುಮಕ್ಕಳು ಯಾವಾಗಲೂ ಪುಕ್ಕಟೆ ಸೇವೆ ಮಾಡಬೇಕು ಅನ್ನುವುದು ಸರಿಯಲ್ಲ.

ಬಡಾವಣೆಯ ಕಾರ್ಯದರ್ಶಿಗಳಿಗೆ: ನಿಮ್ಮಲ್ಲಿ ಜಗಳ ಈಗಲೇ ಕಾವೇರಿದೆ, ಕೂಟದಿಂದ ರೂಢಿ ಬರುವವರೆಗೆ ಅದು ಕಾಯಲ್ಲ. ಮೊದಲು ಎರಡೂ ಕಡೆಯವರು ಒಪ್ಪುವ ಹಿರಿಯರೊಬ್ಬರನ್ನು ನಡುವೆ ಕೂರಿಸಿ ನೀರಿನ ವಿಷಯ ಬಗೆಹರಿಸಿ. ಕೂಟ ಆಮೇಲೆ.

ಕಾಲದ ಮಾತು ಹೇಳಿಬಿಡುತ್ತೇನೆ. ಜೂನ್‌ನಲ್ಲಿ ಬಿತ್ತನೆ, ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ, ಅದು ಮುಗಿದ ಮೇಲೆ ಎಷ್ಟೋ ಕುಟುಂಬಗಳು ಮುಂಬೈ, ಪುಣೆ, ಬೆಂಗಳೂರಿಗೆ ದುಡಿಯಲು ಹೋಗುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹಳ್ಳಿಗಾದರೆ ನಾಗರಪಂಚಮಿ ಆದ ಮೇಲೆ ಶುರು ಮಾಡಿ, ತೊಗರಿ ಕೊಯ್ಲಿಗೆ ಮುಂಚೆ ಹನ್ನೆರಡು ವಾರ ಸಿಗುತ್ತದೆ. ಪಟ್ಟಣದಲ್ಲಿ ಯಾವ ತಿಂಗಳಾದರೂ ನಡೆಯುತ್ತದೆ. ರಂಜಾನ್ ತಿಂಗಳಲ್ಲಿ ಮಾತ್ರ ಸಂಜೆಯ ಸಮಯ ಬದಲಿಸಿ. ಹನ್ನೆರಡನೇ ವಾರ ಬಂದವರನ್ನು ಒಂದೇ ಪ್ರಶ್ನೆ ಕೇಳಿ: ಮೊದಲಾದರೆ ಜಗಳವಾಗುತ್ತಿದ್ದ ಯಾವ ಮಾತನ್ನು ಈ ತಿಂಗಳು ಬೇರೆ ರೀತಿ ಆಡಿದಿರಿ? ಅರ್ಧ ಜನಕ್ಕಾದರೂ ಹೇಳಲು ಒಂದು ಪ್ರಸಂಗ ಇದ್ದರೆ ಅದೇ ದಾರಿಯಲ್ಲಿ ಮುಂದುವರಿಯಿರಿ. ಇಲ್ಲದಿದ್ದರೆ ಜಾಗ, ಸಮಯ, ನಡೆಸುವವರು, ಈ ಮೂರರಲ್ಲಿ ಒಂದನ್ನು ಬದಲಿಸಿ ನೋಡಿ.